ಹಳ್ಳಿ ಜಮೀನಲ್ಲಿ ಟೈನಿ ಹೌಸ್: ಕಟ್ಟೋದು ಹೇಗೆ, ಕಟ್ಟಿದ್ಮೇಲೆ ಬದುಕೋದು ಹೇಗೆ

ಟೈನಿ ಹೌಸ್ ಅಂದ ಕೂಡ್ಲೇ ಕಣ್ಮುಂದೆ ಬರೋದು ಆ ಫೋಟೋಗಳೇ, ಮರದ ಗೋಡೆ, ಅಟ್ಟದ ಮೇಲೊಂದು ಹಾಸಿಗೆ, ಕಿಟಕಿಗೆ ಹಬ್ಬಿದ ಬಳ್ಳಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಯಾವ ಫೋಟೋದಲ್ಲೂ ಕಾಣಲ್ಲ. ಮನೆ ಎಷ್ಟು ಚಿಕ್ಕದು ಮಾಡಿದ್ರೂ ನೀರು, ಕಕ್ಕಸು, ದಾರಿ, ಕರೆಂಟು ಇವ್ಯಾವೂ ಅದರ ಜೊತೆ ಚಿಕ್ಕದಾಗಲ್ಲ ಕಣ್ರೀ. ಇನ್ನೂರು ಚದರಡಿ ಮನೇಲಿದ್ರೂ ಎರಡು ಸಾವಿರ ಚದರಡಿ ಮನೇಲಿದ್ರೂ ಇಬ್ಬರು ಸ್ನಾನ ಮಾಡೋ ನೀರು ಅಷ್ಟೇ, ಹೊರಗೆ ಹೋಗೋ ಕೊಳೆ ನೀರೂ ಅಷ್ಟೇ. ಅದಕ್ಕೇ ಈ ಗೈಡಲ್ಲಿ ಮನೆ ಪ್ಲಾನ್ ಸ್ವಲ್ಪ ಲೇಟಾಗಿ ಬರುತ್ತೆ, ಮೊದಲು ಜಾಗ, ನೀರು, ಕೊಳೆ, ಕರೆಂಟು. ಕಟ್ಟೋವಾಗ್ಲೂ ಇದೇ ಆರ್ಡರಲ್ಲಿ ಹೋಗಿ ಅಂತ ನನ್ನ ಸಲಹೆ, ಉಲ್ಟಾ ಹೋದವರು ಚೆಂದದ ಮನೆ ಕಟ್ಟಿ ಆಮೇಲೆ ಕೊಡಪಾನ ಹಿಡ್ಕೊಂಡು ಓಡಾಡ್ತಾರೆ.

ಜಾಗ ನೋಡೋವಾಗ

ಜಮೀನು ನೋಡೋಕೆ ಒಳ್ಳೆ ಟೈಮು ಅಂದ್ರೆ ಜೋರು ಮಳೆ ಬಿದ್ದ ಮಾರನೇ ದಿನ. ಎಲ್ಲಿ ನೀರು ನಿಂತಿದೆ, ಎಲ್ಲಿ ಕೊರಕಲು ಬಿದ್ದಿದೆ, ಗಾಡಿ ಎಲ್ಲಿ ಹೂತ್ಕೊಳ್ಳುತ್ತೆ ಎಲ್ಲಾ ತಾನಾಗೇ ಗೊತ್ತಾಗುತ್ತೆ. ಬೇಸಿಗೇಲಿ ನೋಡಿ ಅಡ್ವಾನ್ಸ್ ಕೊಟ್ಟವರಿಗೆ ಇದ್ಯಾವುದೂ ಕಾಣಲ್ಲ. ಹಳ್ಳದ ಪಕ್ಕದ ಜಮೀನಾದ್ರೆ ಮರದ ಕಾಂಡ, ಬೇಲಿ ಕಂಬ ಹತ್ತಿರದಿಂದ ನೋಡಿ, ಹಳೇ ನೆರೆ ಬಂದು ಹೋದ ಕಡೆ ಮಣ್ಣಿನ ಗೆರೆ ಇರುತ್ತೆ, ಮುಳ್ಳುತಂತಿಗೆ ಒಣಹುಲ್ಲು ಕಸ ಎಲ್ಲಾ ಒಂದೇ ಎತ್ತರದಲ್ಲಿ ಸಿಕ್ಕಾಕ್ಕೊಂಡಿರುತ್ತೆ. ನಿಮ್ಮ ನೆಲ ಆ ಗೆರೆಗಿಂತ ಮೇಲೇ ಇರಬೇಕು, ಇದ್ರಲ್ಲಿ ಚೌಕಾಸಿ ಇಲ್ಲ.

ದಾರಿ ಬಗ್ಗೆ ಎರಡು ಪ್ರಶ್ನೆ. ಆ ದಾರೀಲಿ ಓಡಾಡೋ ಹಕ್ಕು ಕಾಗದದಲ್ಲಿದೆಯಾ, ಇಲ್ಲಾ "ಎಲ್ಲರೂ ಹಿಂಗೇ ಓಡಾಡ್ತಾರೆ ಬಿಡಿ" ಅನ್ನೋ ಬಾಯಿಮಾತಾ? ಪಕ್ಕದ ಜಮೀನು ಕೈ ಬದಲಾದ ದಿನವೇ ಬಾಯಿಮಾತಿನ ದಾರಿಗೆ ಬೇಲಿ ಬೀಳಬಹುದು. ಎರಡನೇದು, ಜಲ್ಲಿ ಸಿಮೆಂಟು ತರೋ ಲಾರಿ, ನೀರಿನ ಟ್ಯಾಂಕರ್, ಹೆಚ್ಚುಕಮ್ಮಿ ಆದ್ರೆ ಆಂಬ್ಯುಲೆನ್ಸ್, ಇವು ಬಂದು ತಿರುಗಿಸ್ಕೊಂಡು ವಾಪಸ್ ಹೋಗೋಕಾಗುತ್ತಾ? ಮೂರೂವರೆ ಮೀಟರ್ ಅಗಲದ ಗಟ್ಟಿ ದಾರಿ ಇದ್ರೆ ನೆಮ್ಮದಿ, ಮಧ್ಯೆ ಮೋರಿ ಇದ್ರೆ ಅದು ಎಷ್ಟು ಭಾರ ತಡ್ಕೊಳ್ಳುತ್ತೆ ಅಂತ ವಿಚಾರಿಸಿ. ಮನೆಯನ್ನ ಬೇರೆ ಕಡೆ ಕಟ್ಟಿ ಟ್ರೇಲರ್ ಮೇಲೆ ತರೋ ಪ್ಲಾನ್ ಇದ್ರಂತೂ ಇದೇ ದೊಡ್ಡ ವಿಷಯ, ಒಂದು ಕೆಳಗೆ ಬಾಗಿದ ಕೊಂಬೆ ಅಥವಾ ಜೋಲು ಬಿದ್ದ ಕರೆಂಟ್ ವೈರ್ ಸಾಕು ಇಡೀ ದಿನ ಹಾಳಾಗೋಕೆ.

ಮನೆ ಯಾವ ಕಡೆ ಮುಖ ಮಾಡ್ಬೇಕು? ಚಳಿ ಪ್ರದೇಶ ಆದ್ರೆ ದೊಡ್ಡ ಕಿಟಕಿಗಳು ಸಮಭಾಜಕ ವೃತ್ತದ ಕಡೆಗೆ, ಅಂದ್ರೆ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ಸೆಕೆ ಪ್ರದೇಶ ಆದ್ರೆ ಪಶ್ಚಿಮದ ಗೋಡೆಗೆ ಕಿಟಕಿ ಕಮ್ಮಿ ಮಾಡಿ, ಸಂಜೆ ಬಿಸಿಲು ತಗ್ಗಾಗಿ ಬರೋದ್ರಿಂದ ಸಜ್ಜಾ ಹಾಕಿದ್ರೂ ತಡೆಯಲ್ಲ, ಚಿಕ್ಕ ಮನೆಗೆ ಅಷ್ಟು ಬಿಸಿ ಬಂದ್ರೆ ತಣ್ಣಗಾಗೋಕೆ ಅರ್ಧ ರಾತ್ರಿ ಬೇಕು.

ಪರ್ಮಿಷನ್ ಬಗ್ಗೆ ನೇರ ಮಾತು

"ಚಕ್ರ ಹಾಕ್ಬಿಟ್ರೆ ಯಾವ ರೂಲ್ಸೂ ಇಲ್ಲ" ಅಂತ ಹೇಳೋರು ತುಂಬಾ ಜನ ಸಿಕ್ತಾರೆ. ಚಕ್ರ ಹಾಕಿದ್ರೆ ಸಾಮಾನ್ಯವಾಗಿ ಕಟ್ಟಡದ ರೂಲ್ಸಿಂದ ಗಾಡಿ ರೂಲ್ಸಿಗೆ ಹೋಗ್ತೀರಿ ಅಷ್ಟೇ, ಅಲ್ಲಿ ಅಗಲ, ಎತ್ತರ, ತೂಕ, ಬ್ರೇಕು ಲೈಟು ಎಲ್ಲಕ್ಕೂ ಲೆಕ್ಕ ಇದೆ, ಅದೂ ಸಾಲದು ಅಂತ ಗಾಡೀಲಿ ಕಾಯಂ ವಾಸ ಮಾಡೋಕೆ ಎಷ್ಟೋ ಕಡೆ ಬಿಡಲ್ಲ. ಅಮೆರಿಕಾದಲ್ಲಿ ಸ್ಪೆಷಲ್ ಪರ್ಮಿಟ್ ಇಲ್ಲದೆ ರಸ್ತೇಲಿ ಎಳ್ಕೊಂಡು ಹೋಗೋಕೆ ಸಾಮಾನ್ಯವಾಗಿ ಎಂಟೂವರೆ ಅಡಿ ಅಗಲ, ಸುಮಾರು ಹದಿಮೂರೂವರೆ ಅಡಿ ಎತ್ತರ ದಾಟಬಾರದು, ಟೈನಿ ಹೌಸ್‌ಗಳೆಲ್ಲಾ ಆ ಉದ್ದನೆ ಡಬ್ಬಿ ಥರ ಇರೋಕೆ ಕಾರಣ ಇದೇ. ನಿಮ್ಮ ಮನೆ ಒಂದೇ ಜಾಗದಲ್ಲಿ ಇರೋದಾದ್ರೆ ಆ ಆಕಾರಾನ ಕಾಪಿ ಹೊಡೆಯೋ ಅಗತ್ಯ ಏನೂ ಇಲ್ಲ. ಹನ್ನೆರಡು ಅಡಿ ಅಗಲ ಸಿಕ್ಕಿದ್ರೆ ಒಳಗಿನ ಬದುಕೇ ಬೇರೆ.

ನೆಲದ ಮೇಲೆ ಕಾಯಂ ಕಟ್ಟೋದಾದ್ರೆ ಒಂದು ಒಳ್ಳೆ ರೆಫರೆನ್ಸ್ ಇದೆ. ವಾಸದ ಮನೆ ಕಟ್ಟೋ ನಿಯಮಗಳ ಪುಸ್ತಕವಾದ ಅಮೆರಿಕಾದ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್‌ನ 2018ರ ಆವೃತ್ತೀಲಿ ಟೈನಿ ಹೌಸ್‌ಗೆ ಅಂತಲೇ ಅಪೆಂಡಿಕ್ಸ್ ಕ್ಯೂ ಅನ್ನೋ ಅನುಬಂಧ ಸೇರಿಸಿದ್ರು. ಅಟ್ಟ ಬಿಟ್ಟು 400 ಚದರಡಿ, ಅಂದ್ರೆ 37 ಚದರ ಮೀಟರ್ ಒಳಗಿದ್ರೆ ಟೈನಿ ಹೌಸ್. ವಾಸದ ಜಾಗದ ಎತ್ತರ ಕಮ್ಮಿ ಅಂದ್ರೂ 6 ಅಡಿ 8 ಇಂಚು, ಅಡುಗೆ ಕೋಣೆ ಬಚ್ಚಲಿಗೆ 6 ಅಡಿ 4 ಇಂಚು. ಅಟ್ಟ 35 ಚದರಡಿಗಿಂತ ಚಿಕ್ಕದಿರಬಾರದು, ಯಾವ ಕಡೆ ಅಳೆದ್ರೂ ಐದಡಿ ಇರ್ಬೇಕು. ನಿಮ್ಮ ಕಡೆ ಈ ಕೋಡ್ ಅನ್ವಯ ಆಗದೇ ಇರಬಹುದು, ಆದ್ರೆ ಬೇರೆ ಏನೂ ಮಾರ್ಗದರ್ಶನ ಇಲ್ಲದಾಗ ಈ ಅಳತೆಗಳು ಕೆಲಸಕ್ಕೆ ಬರ್ತವೆ.

ಸ್ಥಳೀಯ ಆಫೀಸಲ್ಲಿ ಕೇಳಬೇಕಾದ್ದು: ಈ ಜಮೀನಲ್ಲಿ ವಾಸದ ಮನೆಗೆ ಅವಕಾಶ ಇದೆಯಾ, ಮನೆ ಕಮ್ಮಿ ಅಂದ್ರೆ ಎಷ್ಟು ದೊಡ್ಡದಿರಬೇಕು ಅಂತ ರೂಲ್ ಇದೆಯಾ, ಗಡಿಯಿಂದ ಎಷ್ಟು ಬಿಡಬೇಕು, ಕಕ್ಕಸಿಗೆ ಯಾವ ವ್ಯವಸ್ಥೆ ಒಪ್ಪುತ್ತೀರಿ. ಉತ್ತರ ಬರಹದಲ್ಲಿ ತಗೊಳ್ಳಿ. ಕೌಂಟರಲ್ಲಿ ನಗ್ತಾ ಹೇಳಿದ ಮಾತಿಗೆ ಆಮೇಲೆ ಬೆಲೆ ಇರಲ್ಲ.

ನೀರಿನ ಲೆಕ್ಕ

ಪೈಪ್ ಲೈನ್ ಇದ್ರೆ ಅದೃಷ್ಟ, ಇಲ್ಲಾಂದ್ರೆ ಬಾವಿ, ಕೊಳವೆಬಾವಿ ಅಥವಾ ಮಳೆ ನೀರು. ಕೊಳವೆಬಾವಿ ಕೊರೆದಾಗ ನೀರು ಸಿಗುತ್ತೋ ಇಲ್ವೋ ಅಂತ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ, ಹಾಗಾಗಿ ಮನೆಗೆ ಕೈ ಹಾಕೋ ಮುಂಚೆ ಅದು ಮುಗೀಬೇಕು. ಸಿಕ್ಕ ನೀರನ್ನ ಲ್ಯಾಬಿಗೆ ಕೊಡಿ, ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಇಷ್ಟಾದ್ರೂ ನೋಡಿಸಿ. ಫ್ಲೋರೈಡ್, ಆರ್ಸೆನಿಕ್ ಎರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೆ ಹೋಗೋದೂ ಇಲ್ಲ.

ಮಳೆ ನೀರಿನ ಲೆಕ್ಕ ತುಂಬಾ ಸಲೀಸು. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಹನ್ನೆರಡಡಿ ಇಪ್ಪತ್ನಾಲ್ಕಡಿ ಮನೆಗೆ ಸುತ್ತ ಎರಡಡಿ ಸೂರು ಬಿಟ್ರೆ ಚಾವಣಿ ಹತ್ರಹತ್ರ 40 ಚದರ ಮೀಟರ್ ಆಗುತ್ತೆ. ವರ್ಷಕ್ಕೆ 1000 ಮಿಲಿಮೀಟರ್ ಮಳೆ ಆದ್ರೆ 40,000 ಲೀಟರ್, ಸೋರಿಕೆ ಚಿಮ್ಮಿದ್ದು ಎಲ್ಲಾ ಕಳೆದು ನೂರಕ್ಕೆ ಎಂಬತ್ತೈದು ಹಿಡಿದ್ರೆ 34,000 ಲೀಟರ್ ಕೈಗೆ ಸಿಗುತ್ತೆ. ಇಬ್ಬರು ದಿನಕ್ಕೆ ತಲಾ 60 ಲೀಟರಲ್ಲಿ ಸುಧಾರಿಸ್ಕೊಂಡ್ರೆ 280 ದಿನ ಚಿಲ್ಲರೆ. ಆದ್ರೆ ಮಳೆ ನಮ್ಮ ಅನುಕೂಲಕ್ಕೆ ದಿನಾ ಇಷ್ಟಿಷ್ಟೇ ಬರಲ್ವಲ್ಲ, ನಿಜವಾದ ಪ್ರಶ್ನೆ ಟ್ಯಾಂಕಿನದು. ನಿಮ್ಮಲ್ಲಿ ಐದು ತಿಂಗಳು ಹನಿ ಮಳೆ ಇಲ್ಲ ಅಂದ್ರೆ 150 ದಿನ ಗುಣಿಸು 120 ಲೀಟರ್, 18,000 ಲೀಟರ್ ಟ್ಯಾಂಕ್ ಬೇಕು, ಅದು ನಿಮ್ಮ ಬಚ್ಚಲು ಅಡುಗೆ ಕೋಣೆ ಎರಡೂ ಸೇರಿದ್ರೂ ಅದಕ್ಕಿಂತ ದೊಡ್ಡದು. ಮನೆ ಪ್ಲಾನಲ್ಲಿ ಅದಕ್ಕೆ ಜಾಗ ಮೊದಲೇ ಬಿಡಿ.

ಪ್ರತಿ ಮಳೆಯ ಮೊದಲ ಎರಡು ಮಿಲಿಮೀಟರ್ ನೀರು ಟ್ಯಾಂಕಿಗೆ ಹೋಗಬಾರದು, ಹಕ್ಕಿ ಹಿಕ್ಕೆ, ಧೂಳು ಎಲ್ಲಾ ಅದರಲ್ಲೇ ಇರೋದು. ನಮ್ಮ 40 ಚದರ ಮೀಟರ್ ಚಾವಣಿಗೆ ಅದು 80 ಲೀಟರ್. ಟ್ಯಾಂಕಿನ ಮುಂಚೆ ಒಂದು ನಿಂತ ದಪ್ಪ ಪೈಪು ಇಲ್ಲಾ ಡ್ರಮ್ಮು ಇಟ್ರೆ ಮೊದಲು ಅದು ತುಂಬಿ ಆಮೇಲಿನ ನೀರು ಮಾತ್ರ ಟ್ಯಾಂಕಿಗೆ ಹೋಗುತ್ತೆ, ಕೆಳಗೆ ಸಣ್ಣ ತೂತಿನ ನಲ್ಲಿ ಬಿಟ್ಟಿದ್ರೆ ಮಳೆ ನಿಂತ ಮೇಲೆ ಅದು ತಾನಾಗೇ ಖಾಲಿ ಆಗುತ್ತೆ. ಟ್ಯಾಂಕಿಗೆ ಬೆಳಕು ಬೀಳಬಾರದು, ಪಾಚಿ ಕಟ್ಟುತ್ತೆ. ಸೊಳ್ಳೆ ಪರದೆ ಎಲ್ಲಾ ಬಾಯಿಗೂ ಬೇಕು.

ಟ್ಯಾಂಕನ್ನ ಟೈನಿ ಹೌಸ್ ಚಾವಣಿ ಮೇಲೆ ಮಾತ್ರ ಇಡಬೇಡಿ. ಸಾವಿರ ಲೀಟರ್ ಅಂದ್ರೆ ಒಂದು ಟನ್, ಹಗುರ ಮರದ ಫ್ರೇಮು ಅದಕ್ಕಾಗಿ ಮಾಡಿದ್ದಲ್ಲ. ಬೇರೆ ಸ್ಟ್ಯಾಂಡ್ ಮೇಲಿಟ್ರೂ ಒಂದು ಮೀಟರ್ ಎತ್ತರಕ್ಕೆ ಸಿಗೋದು 0.1 ಬಾರ್ ಪ್ರೆಶರ್ರು, ಮೂರು ಮೀಟರ್ ಸ್ಟ್ಯಾಂಡಿಂದ ನಲ್ಲೀಲಿ ನೀರು ಬರುತ್ತೆ ಆದ್ರೆ ಶವರ್ ಸಪ್ಪೆ, ಇನ್‌ಸ್ಟಂಟ್ ಗೀಸರ್ ಆನ್ ಆಗದೇನೂ ಇರಬಹುದು. ಟ್ಯಾಂಕ್ ನೆಲದ ಮೇಲಿಟ್ಟು ಚಿಕ್ಕ ಪ್ರೆಶರ್ ಪಂಪ್ ಹಾಕೋದೇ ನನಗೆ ಸರಿ ಅನ್ಸುತ್ತೆ.

ಕಕ್ಕಸು, ಬಚ್ಚಲು: ಮುಜುಗರ ಬಿಟ್ಟು ಓದಿ

ಎರಡು ದಾರಿ ಇದೆ, ಸೆಪ್ಟಿಕ್ ಟ್ಯಾಂಕು ಇಲ್ಲಾ ಕಾಂಪೋಸ್ಟ್ ಟಾಯ್ಲೆಟ್ಟು.

ಸೆಪ್ಟಿಕ್ ಅಂದ್ರೆ ಟ್ಯಾಂಕ್ ಹೂತುಬಿಟ್ರೆ ಮುಗೀತು ಅನ್ಕೊಂಡಿರ್ತಾರೆ, ನಿಜವಾದ ಕೆಲಸ ಮಾಡೋದು ಅದರಾಚೆಯ ಮಣ್ಣು. ಆ ಮಣ್ಣು ನೀರು ಹೀರುತ್ತಾ ಅಂತ ಮನೇಲೇ ಟೆಸ್ಟ್ ಮಾಡಬಹುದು. ಇಂಗಿಸೋ ಜಾಗದಲ್ಲಿ, ಇಂಗಿಸೋ ಆಳಕ್ಕೇ, ಒಂದಡಿ ಅಗಲದ ಗುಂಡಿ ತೆಗೀರಿ. ಹಿಂದಿನ ರಾತ್ರಿ ನೀರು ತುಂಬಿ ಬಿಡಿ, ಒಣ ಮಣ್ಣಲ್ಲಿ ಅಳೆದ್ರೆ ಸುಳ್ಳು ಲೆಕ್ಕ ಬರುತ್ತೆ. ಮಾರನೇ ದಿನ ಆರಿಂಚು ನೀರು ಹುಯ್ದು, ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಹಾಕಿ, ಒಂದಿಂಚು ಇಳಿಯೋಕೆ ಎಷ್ಟು ನಿಮಿಷ ಅಂತ ನೋಡಿ. ಒಂದು ಗಂಟೆ ದಾಟಿದ್ರೆ ಆ ಮಣ್ಣಲ್ಲಿ ಸಾಮಾನ್ಯ ಇಂಗುಗುಂಡಿ ಕೈ ಕೊಡುತ್ತೆ, ಮಳೆಗಾಲದಲ್ಲಿ ಕಕ್ಕಸು ಉಕ್ಕೋದು ಇಂಥ ಕಡೆನೇ. ಒಂದೆರಡು ನಿಮಿಷದಲ್ಲೇ ಇಳಿದುಬಿಟ್ರೆ ಅದೂ ಒಳ್ಳೇದಲ್ಲ, ಕೊಳೆ ಸೋಸದೇನೇ ನೇರ ಅಂತರ್ಜಲ ಸೇರುತ್ತೆ. ಕುಡಿಯೋ ಬಾವಿಗೂ ಇಂಗಿಸೋ ಜಾಗಕ್ಕೂ ಕಮ್ಮಿ ಅಂದ್ರೂ 30 ಮೀಟರ್ ಅಂತರ ಇರಲಿ, ಬಾವಿ ಎತ್ತರದ ಕಡೆ, ಗುಂಡಿ ಇಳಿಜಾರಿನ ಕಡೆ. ಪಕ್ಕದವರ ಬಾವಿನೂ ಲೆಕ್ಕಕ್ಕೆ ತಗೊಳ್ಳಿ, ಬರೀ ನಿಮ್ಮದಲ್ಲ.

ಕಾಂಪೋಸ್ಟ್ ಟಾಯ್ಲೆಟ್ ಅಂದ ತಕ್ಷಣ ಮೂಗು ಮುಚ್ಕೊಳ್ಳೋರಿಗೆ ಒಂದು ಮಾತು, ಗಬ್ಬು ವಾಸನೆ ಬರೋದು ಮುಖ್ಯವಾಗಿ ಮಲ ಮೂತ್ರ ಎರಡೂ ಬೆರೆತು ಒದ್ದೆಯಾಗಿ ಗಾಳಿ ಇಲ್ಲದೆ ಕೊಳೆತಾಗ. ಎರಡನ್ನೂ ಬೇರೆ ಮಾಡೋ ಸೀಟು ಹಾಕಿ, ಪ್ರತಿ ಸಲ ಒಂದು ಹಿಡಿ ಒಣ ಮರದ ಹೊಟ್ಟು ಮುಚ್ಚಿ, ಸಣ್ಣ ಫ್ಯಾನ್ ಇರೋ ಗಾಳಿ ಪೈಪು ಚಾವಣಿ ಮೇಲಕ್ಕೆ ಬಿಟ್ರೆ ವಾಸನೆ ತಡ್ಕೊಳ್ಳೋ ಮಟ್ಟಕ್ಕಿಂತ ಎಷ್ಟೋ ಕೆಳಗಿರುತ್ತೆ. ನೀರಲ್ಲಿ ತೊಳ್ಕೊಳ್ಳೋರು ಆ ನೀರಿಗೆ ಬೇರೆ ಜಾಗ ಮಾಡ್ಲೇಬೇಕು, ಅದು ಡಬ್ಬಿಗೆ ಹೋದ್ರೆ ಇಡೀ ಸಿಸ್ಟಂ ಕೆಡುತ್ತೆ, ಎಷ್ಟೋ ರೆಡಿಮೇಡ್ ಮಾಡೆಲ್‌ಗಳಲ್ಲಿ ಈ ಯೋಚನೆನೇ ಇಲ್ಲ, ಕೊಳ್ಳೋ ಮುಂಚೆ ಕೇಳಿ. ತುಂಬಿದ್ದನ್ನ ಮುಚ್ಚಳ ಇರೋ ಎರಡು ತೊಟ್ಟಿಗಳಲ್ಲಿ ಹಾಕಬೇಕು, ಒಂದು ತುಂಬ್ತಾ ಇರುವಾಗ ಇನ್ನೊಂದು ಸುಮ್ಮನೆ ಮಾಗ್ತಾ ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಪ್ರಕಾರ ಒಣ ಮಲವನ್ನ 20ರಿಂದ 35 ಡಿಗ್ರಿ ವಾತಾವರಣದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು, ಅದಕ್ಕಿಂತ ತಂಪು ಇರೋ ಕಡೆ ಒಂದೂವರೆಯಿಂದ ಎರಡು ವರ್ಷ ಇಡಬೇಕು. ಆಮೇಲೂ ಮರಗಳ ಬುಡಕ್ಕೆ ಹಾಕಿ, ತರಕಾರಿ ಮಡಿಗೆ ಬೇಡ.

ಬಚ್ಚಲ ನೀರು, ಪಾತ್ರೆ ತೊಳೆದ ನೀರು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಯಾವ ಡ್ರಮ್ಮಲ್ಲೂ ನಿಲ್ಲಿಸಬೇಡಿ, ನಾತ ಬರುತ್ತೆ. ಪಾತ್ರೆ ನೀರಿಗೆ ಜಿಡ್ಡು ಹಿಡಿಯೋ ಚೇಂಬರ್ ಒಂದಿರಲಿ, ಅಲ್ಲಿಂದ ಮರಗಳ ಸುತ್ತ ತೆಗೆದ, ಮರದ ಚಕ್ಕೆ ತುಂಬಿದ ಗುಂಡಿಗಳಿಗೆ ಬಿಡಿ.

ಕರೆಂಟು

ಗ್ರಿಡ್ ಕಂಬ ಹತ್ತಿರ ಇದ್ರೆ ಕನೆಕ್ಷನ್ ತಗೊಳ್ಳಿ, ಅದರಲ್ಲಿ ಹೀನಾಯ ಏನಿಲ್ಲ. ದೂರ ಇದ್ರೆ ಸೋಲಾರ್, ಆಗ ಅಂಗಡಿಯವನು ಹೇಳಿದ ಪ್ಯಾಕೇಜ್ ತಗೊಳ್ಳೋ ಬದಲು ನಿಮ್ಮದೇ ಲೆಕ್ಕ ಬರೀರಿ. ಉದಾಹರಣೆಗೆ ಏಳು ವ್ಯಾಟಿನ ಐದು ಬಲ್ಬು ಐದು ಗಂಟೆ, 175 ವ್ಯಾಟ್ ಅವರ್. ಮೂವತ್ತು ವ್ಯಾಟಿನ ಎರಡು ಫ್ಯಾನು ಹನ್ನೆರಡು ಗಂಟೆ, 720. ಲ್ಯಾಪ್‌ಟಾಪ್ 60 ವ್ಯಾಟ್ ಆರು ಗಂಟೆ, 360. ಇಂಟರ್ನೆಟ್ ರೂಟರ್ ಹತ್ತೇ ವ್ಯಾಟ್ ಆದ್ರೂ ದಿನಪೂರ್ತಿ ಓಡೋದ್ರಿಂದ 240. ಪಂಪಿಗೆ 100. ಫ್ರಿಜ್ಜಿಗೆ 900 ಹಿಡೀರಿ. ಸಾವಿರ ವ್ಯಾಟ್ ಅವರ್ ಅಂದ್ರೆ ಒಂದು ಯೂನಿಟ್, ಹಾಗಾಗಿ ದಿನಕ್ಕೆ ಒಟ್ಟು ಎರಡೂವರೆ ಯೂನಿಟ್.

ನಿಮ್ಮ ಜಾಗದಲ್ಲಿ ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲಿಗೆ ಸಮ ಸಿಗುತ್ತೆ, ಧೂಳು ಬಿಸಿ ವೈರಿಂಗ್ ಎಲ್ಲದರಲ್ಲೂ ಸೇರಿ ನೂರಕ್ಕೆ ಮೂವತ್ತು ಲಾಸು ಅಂತ ಇಟ್ಕೊಂಡ್ರೆ 800 ವ್ಯಾಟ್ ಪ್ಯಾನೆಲ್ ಬೇಕಾಗುತ್ತೆ. ಬಿಸಿಲು ಕಮ್ಮಿ ಇರೋ ತಿಂಗಳಿನ ಲೆಕ್ಕದಲ್ಲೇ ಹಾಕಿ, ವರ್ಷದ ಸರಾಸರಿ ನಂಬಿದ್ರೆ ಮೋಡದ ತಿಂಗಳಲ್ಲಿ ಕತ್ತಲು. ಬ್ಯಾಟರಿ ಎರಡು ದಿನ ಬಿಸಿಲಿಲ್ಲದೆ ತಳ್ಳೋ ಹಾಗೆ ಅಂದ್ರೆ ಐದು ಯೂನಿಟ್ ಬಳಸೋಕೆ ಸಿಗಬೇಕು, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿನ ನೂರಕ್ಕೆ ಎಂಬತ್ತು ಖಾಲಿ ಮಾಡಬಹುದು, ಹಾಗಾಗಿ ಆರೂಕಾಲು ಯೂನಿಟ್ ಸಾಮರ್ಥ್ಯ ಸಾಕು, ಲೆಡ್ ಆಸಿಡ್ ಆದ್ರೆ ಅರ್ಧ ಮಾತ್ರ ಬಳಸೋದು ಒಳ್ಳೇದು, ಹತ್ತು ಬೇಕು. ಲಿಥಿಯಂ ತಗೊಂಡವರು ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನ ಚಾರ್ಜ್ ಮಾಡಬಾರದು, ಹೆಪ್ಪುಗಟ್ಟೋ ಚಳಿ ಇರೋ ಕಡೆ ಬ್ಯಾಟರಿ ಒಳಗಿರಲಿ.

12 ವೋಲ್ಟ್ ಸಿಸ್ಟಂ ಅಗ್ಗ ಅಂತ ಹೋಗಬೇಡಿ. 1200 ವ್ಯಾಟ್ ಎಳೆದ್ರೆ 12 ವೋಲ್ಟಲ್ಲಿ 100 ಆಂಪ್ ಹರಿಯುತ್ತೆ, 48 ವೋಲ್ಟಲ್ಲಿ 25. ವೈರ್ ದಪ್ಪ, ಬಿಸಿ, ಬೆಂಕಿ ಭಯ ಎಲ್ಲಾ ಆಂಪ್ ಜೊತೆ ಏರುತ್ತೆ. ಇಂಡಕ್ಷನ್ ಒಲೆ, ನೀರು ಕಾಯಿಸೋದು ಈ ಸಿಸ್ಟಂ ಮೇಲೆ ಬೇಡ, ಅದಕ್ಕೆ ಗ್ಯಾಸು ಇಲ್ಲಾ ಸೋಲಾರ್ ವಾಟರ್ ಹೀಟರ್. ಇನ್ನೊಂದು, ಪ್ಯಾನೆಲ್ ಮನೆ ಚಾವಣಿ ಮೇಲೇ ಇರಬೇಕು ಅಂತ ಯಾರು ಹೇಳಿದ್ರು? ಜಮೀನಿದೆ, ಪ್ಯಾನೆಲ್ ಬಿಸಿಲಲ್ಲಿ ನೆಲದ ಮೇಲಿರಲಿ, ನೀವು ಮರದ ನೆರಳಲ್ಲಿರಿ.

ಈಗ ಪ್ಲಾನ್

ಲ ಕಾರ್ಬೂಸಿಯೇ, ಇಪ್ಪತ್ತನೇ ಶತಮಾನದ ದೊಡ್ಡ ಆರ್ಕಿಟೆಕ್ಟ್, ಫ್ರಾನ್ಸಿನ ಸಮುದ್ರ ತೀರದಲ್ಲಿ 1952ರ ಹೊತ್ತಿಗೆ ತನಗೇ ಅಂತ ಒಂದು ಮರದ ಗುಡಿಸಲು ಮಾಡ್ಕೊಂಡ, ಒಳಗೆ 3.66 ಮೀಟರ್ ಉದ್ದ, ಅಷ್ಟೇ ಅಗಲ. ಎಲ್ಲರೂ ಅದರ ಸರಳತೆ ಹೊಗಳ್ತಾರೆ, ಆದ್ರೆ ಅದರಲ್ಲಿ ಅಡುಗೆ ಕೋಣೆನೇ ಇರಲಿಲ್ಲ, ಊಟಕ್ಕೆ ಗೋಡೆಗಂಟಿದ ಪಕ್ಕದ ಹೋಟೆಲ್ಲಿಗೆ ಒಂದು ಬಾಗಿಲಿತ್ತು. ಪುಟ್ಟ ಮನೆ ನಡೀಬೇಕು ಅಂದ್ರೆ ಅದರ ಒಂದಷ್ಟು ಕೆಲಸ ಹೊರಗಡೆ ನಡೀಬೇಕು. ನಿಮ್ಮ ಹೊರಗಡೆ ಯಾವುದು ಅಂತ ಮೊದಲು ತೀರ್ಮಾನ ಮಾಡಿ. ನನ್ನ ಕೇಳಿದ್ರೆ ಮನೆ ಉದ್ದಕ್ಕೂ ಎಂಟಡಿ ಅಗಲದ ಚಾವಣಿ ಇರೋ ಜಗುಲಿ, ಜೊತೆಗೆ ಬೀಗ ಹಾಕೋ ಒಂದು ಶೆಡ್ಡು. ಗುದ್ದಲಿ ಪಿಕಾಸಿ, ಒದ್ದೆ ಬಟ್ಟೆ, ಕೆಸರಿನ ಬೂಟು, ಸೈಕಲ್ಲು ಇವನ್ನೆಲ್ಲಾ 280 ಚದರಡಿ ಒಳಗೆ ತರೋಕಾಗಲ್ಲ.

ಕಾಗದದ ಮೇಲೆ ಎಲ್ಲಾ ಪ್ಲಾನೂ ಚೆನ್ನಾಗಿ ಕಾಣುತ್ತೆ. ಸೈಟಲ್ಲೇ ಸಮತಟ್ಟು ಜಾಗದಲ್ಲಿ ಸುಣ್ಣದ ಪುಡೀಲಿ ಮನೆಯ ಗೆರೆ ಪೂರ್ತಿ ಅಳತೇಲಿ ಹಾಕಿ. ಹಾಸಿಗೆ ಜಾಗದಲ್ಲಿ ಒಂದು ಚಾಪೆ, ಅಡುಗೆ ಕಟ್ಟೆ ಜಾಗದಲ್ಲಿ ಎರಡಡಿ ಅಗಲದ ಹಲಗೆ, ಫ್ರಿಜ್ಜಿಗೆ ಒಂದು ರಟ್ಟಿನ ಡಬ್ಬ ಇಡಿ. ಆಮೇಲೆ ಇಬ್ಬರೂ ಅದರೊಳಗೆ ಒಂದು ಬೆಳಗ್ಗೆಯ ಕೆಲಸ ಎಲ್ಲಾ ಮಾಡಿ ನೋಡಿ, ಒಬ್ಬರು ಕಟ್ಟೆ ಹತ್ರ ಬಗ್ಗಿದಾಗ ಇನ್ನೊಬ್ಬರು ಬಚ್ಚಲಿಗೆ ಹೋಗೋಕಾಗುತ್ತಾ, ಫ್ರಿಜ್ ಬಾಗಿಲು ತೆಗೆದ್ರೆ ಬಚ್ಚಲ ಬಾಗಿಲಿಗೆ ಬಡಿಯುತ್ತಾ. ಓಡಾಡೋ ಜಾಗ ಎರಡೂವರೆ ಅಡಿಗಿಂತ ಕಮ್ಮಿ ಆದ್ರೆ ಕಿರಿಕಿರಿ ಶುರು. ಗೆರೆ ಅಳಿಸಿ ಮತ್ತೆ ಹಾಕೋಕೆ ಖರ್ಚಿಲ್ಲ, ಗೋಡೆಗಿದೆ.

ಅಟ್ಟದ ಮೇಲೆ ಮಲಗೋದು ನೋಡೋಕೆ ಚೆಂದ, ನನಗಂತೂ ಅದರ ಮೇಲೆ ನಂಬಿಕೆ ಕಮ್ಮಿ. ಬಿಸಿ ಗಾಳಿ ಎಲ್ಲಾ ಅಲ್ಲೇ ಸೇರುತ್ತೆ, ರಾತ್ರಿ ನಿದ್ದೆಗಣ್ಣಲ್ಲಿ ಏಣಿ ಇಳೀಬೇಕು, ಜ್ವರ ಬಂದ ದಿನ ಕಾಲು ಉಳುಕಿದ ದಿನ ಅಲ್ಲಿಗೆ ಹತ್ತೋರ್ಯಾರು? ಹಾಸಿಗೆ ಕೆಳಗಿರಲಿ, ಅದರಡಿ ಡ್ರಾಯರ್ ಮಾಡಿ, ಅಟ್ಟ ಸಾಮಾನಿಗೆ ಅಥವಾ ನೆಂಟರಿಗೆ. ಅಟ್ಟದಲ್ಲೇ ಮಲಗ್ತೀವಿ ಅನ್ನೋರು ತಲೆಭಾಗದಲ್ಲಿ ನೇರ ಕೂರೋ ಎತ್ತರ ಇಟ್ಕೊಳ್ಳಿ, ತೆಗೆಯೋ ಕಿಟಕಿ ಒಂದು ಅಲ್ಲಿ ಕಡ್ಡಾಯ.

ಪಾಯ

ಕಪ್ಪು ಎರೆ ಮಣ್ಣು ಆದ್ರೆ ಹುಷಾರು. ಅದು ಒದ್ದೆಯಾದಾಗ ಉಬ್ಬುತ್ತೆ, ಒಣಗಿದಾಗ ಬಿರಿಯುತ್ತೆ, ಮೇಲಿನ ಮನೆ ಹಗುರ ಆದಷ್ಟೂ ಅದನ್ನ ಎತ್ತಿ ಕುಣಿಸೋದು ಅದಕ್ಕೆ ಸುಲಭ. ಅಂಥ ಕಡೆ ಉಬ್ಬೋ ಪದರ ದಾಟಿ ಆಳಕ್ಕೆ ಹೋಗ್ಬೇಕು, ಎಂಜಿನಿಯರ್‌ಗೆ ಫೀಸ್ ಕೊಟ್ಟು ಕೇಳೋಕೆ ಸರಿಯಾದ ಜಾಗ ಇದು. ನೆಲ ಹೆಪ್ಪುಗಟ್ಟೋ ದೇಶಗಳಲ್ಲಿ ಹೆಪ್ಪುಗಟ್ಟೋ ಆಳಕ್ಕಿಂತ ಕೆಳಗೆ ಫುಟಿಂಗ್ ಇರಬೇಕು. ಉಳಿದ ಗಟ್ಟಿ ಮಣ್ಣಿಗೆ ಕಾಂಕ್ರೀಟ್ ಕಂಬಗಳ ಮೇಲೆ ಮನೆ ಎತ್ತಿ ನಿಲ್ಲಿಸೋದು ಒಳ್ಳೇ ದಾರಿ, ಕೆಳಗೆ ಗಾಳಿ ಆಡುತ್ತೆ, ಪೈಪ್ ರಿಪೇರಿ ಸುಲಭ, ಗೆದ್ದಲು ಹತ್ತಿದ್ರೆ ಮಣ್ಣಿನ ಗೆರೆ ಕಣ್ಣಿಗೆ ಕಾಣುತ್ತೆ. ಕೆಳಗೆ ಒಬ್ಬ ಮನುಷ್ಯ ತೆವಳೋಷ್ಟು, ಒಂದೂವರೆ ಎರಡಡಿ ಜಾಗ ಬಿಡಿ.

ಹನ್ನೆರಡಡಿ ಇಪ್ಪತ್ನಾಲ್ಕಡಿ ಮನೆಗೆ ಉದ್ದಕ್ಕೆ ಎಂಟಡಿಗೊಂದು, ಅಡ್ಡಕ್ಕೆ ಆರಡಿಗೊಂದು ಅಂದ್ರೆ ಹನ್ನೆರಡು ಕಂಬ ಬರುತ್ತೆ. ಮೂಲೆ ಮಟ್ಟಕ್ಕೆ ದಾರ ಕಟ್ಟಿ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿ, ಎರಡರ ನಡುವೆ ಸರಿಯಾಗಿ ಐದಡಿ ಬಂದ್ರೆ ಮೂಲೆ ನೇರ. ಕೊನೇಗೆ ಕರ್ಣ ಎರಡೂ ಅಳೀರಿ, ಎರಡೂ 26 ಅಡಿ 10 ಇಂಚು ಬರಬೇಕು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಇಲ್ಲೇ ಸರಿ ಮಾಡಿ, ಇಲ್ಲಾಂದ್ರೆ ಚಾವಣಿ ಶೀಟ್ ಹಾಕೋವಾಗ ಅದು ಕೋರೆಯಾಗಿ ಕಾಡುತ್ತೆ. ಕಂಬಗಳ ತಲೆ ಮಟ್ಟಕ್ಕೆ ರಸಮಟ್ಟ ಸಾಲಲ್ಲ, ದೂರ ಜಾಸ್ತಿ. ಒಂದು ಪಾರದರ್ಶಕ ಪೈಪಲ್ಲಿ ನೀರು ತುಂಬಿ ಒಬ್ಬರು ಒಂದು ತುದಿ ಮೊದಲ ಕಂಬದ ಗುರುತಿಗೆ ಹಿಡೀರಿ, ಇನ್ನೊಬ್ಬರು ಇನ್ನೊಂದು ತುದಿ ಪ್ರತಿ ಕಂಬಕ್ಕೂ ಹಿಡಿದು ನೀರು ನಿಂತ ಕಡೆ ಪೆನ್ಸಿಲ್ ಗೆರೆ ಹಾಕಿ. ಪೈಪೊಳಗೆ ಒಂದೇ ಒಂದು ಗಾಳಿ ಗುಳ್ಳೆ ಉಳಿದ್ರೂ ಗೆರೆ ತಪ್ಪುತ್ತೆ, ಅದಕ್ಕೇ ಮೊದಲು ಎರಡೂ ತುದಿ ಅಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರಕ್ಕೆ ಬರುತ್ತಾ ನೋಡ್ಕೊಳ್ಳಿ.

ಹಗುರ ಮನೆಗೆ ಕುಸಿಯೋ ಭಯಕ್ಕಿಂತ ಹಾರೋ ಭಯ ಹೆಚ್ಚು. ಬಿರುಗಾಳಿ ಚಾವಣಿಯನ್ನ ಮೇಲಕ್ಕೆ ಎತ್ತುತ್ತೆ, ಹಾಗಾಗಿ ಶೀಟಿಂದ ಜಂತಿಗೆ, ಜಂತಿಯಿಂದ ಗೋಡೆಗೆ, ಗೋಡೆಯಿಂದ ತೊಲೆಗೆ, ತೊಲೆಯಿಂದ ಕಾಂಕ್ರೀಟ್ ಕಂಬಕ್ಕೆ ಕಬ್ಬಿಣದ ಪಟ್ಟಿ ಬೋಲ್ಟು ಎಲ್ಲೂ ತುಂಡಾಗದ ಹಾಗೆ ಸಾಲಾಗಿ ಇರಬೇಕು. ಬರೀ ಮೊಳೆ ಹೊಡೆದು ಬಿಟ್ಟ ಒಂದು ಜಾಯಿಂಟ್ ಸಾಕು ಅಲ್ಲಿಂದ ಮೇಲಿನದೆಲ್ಲಾ ಹೋಗೋಕೆ. ಚಕ್ರದ ಮೇಲಿನ ಮನೆ ಆದ್ರೂ ನಿಂತ ಜಾಗದಲ್ಲಿ ಜಾಕ್ ಕೊಟ್ಟು ನೆಲಕ್ಕೆ ಆ್ಯಂಕರ್ ಹಾಕಿ. ಎಳೆಯೋವಾಗ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮುಂದಿನ ಕೊಕ್ಕೆ ಮೇಲೆ ಬೀಳೋ ಹಾಗೆ ಭಾರ ಹಂಚಿ, ಹಿಂದೆ ಭಾರ ಜಾಸ್ತಿ ಆದ್ರೆ ರಸ್ತೇಲಿ ಟ್ರೇಲರ್ ಬಾಲ ಬೀಸೋಕೆ ಶುರು ಮಾಡುತ್ತೆ.

ಗೋಡೆ, ಚಾವಣಿ, ಬೆವರು

ಸೂರು ಉದ್ದ ಬಿಡಿ, ಎರಡಡಿ ಆದ್ರೂ. ಮಳೆ ಗೋಡೆಗೆ ಹೊಡೆಯಲ್ಲ, ಬಿಸಿಲೂ ಕಮ್ಮಿ, ಗೋಡೆ ಆಯಸ್ಸು ಹೆಚ್ಚುತ್ತೆ. ಶೀಟ್ ಚಾವಣಿ ಕೆಳಗೆ ಹೊಳೆಯೋ ಫಾಯಿಲ್ ಹಾಕಿದ್ರೆ ಅದಕ್ಕೂ ಪಕ್ಕದ ಪದರಕ್ಕೂ ಮಧ್ಯೆ ಸುಮಾರು ಇಂಚು ಗಾಳಿ ಜಾಗ ಇರಲಿ, ಎರಡೂ ಕಡೆ ಅಂಟಿಸಿಬಿಟ್ರೆ ಫಾಯಿಲ್ ಕೆಲಸನೇ ಮಾಡಲ್ಲ. ಅದರ ಕೆಳಗೆ ಇನ್ಸುಲೇಷನ್. ಆವಿ ತಡೆಯೋ ಶೀಟು ಚಳಿ ದೇಶದಲ್ಲಿ ಒಳಗಡೆಗೆ ಬರಬೇಕು, ಸೆಕೆ ಊರಲ್ಲಿ ಸದಾ ಏಸಿ ಹಾಕೋರಿಗೆ ಹೊರಗಡೆಗೆ. ಉಲ್ಟಾ ಹಾಕಿದ್ರೆ ಗೋಡೆ ಒಳಗೇ ನೀರು ಕಟ್ಟಿ ಮರ ಕೊಳೆಯುತ್ತೆ.

ಪುಟ್ಟ ಮನೆಯ ನಿಜವಾದ ಶತ್ರು ಒಳಗೇ ಹುಟ್ಟೋ ತೇವ. ಒಂದು ಕೆಜಿ ಅಡುಗೆ ಗ್ಯಾಸ್ ಉರಿದ್ರೆ ಒಂದೂವರೆ ಲೀಟರ್‌ಗಿಂತ ಹೆಚ್ಚು ನೀರು ಆವಿಯಾಗಿ ಮನೆಯೊಳಗೇ ಬರುತ್ತೆ, ಅದರ ಮೇಲೆ ಉಸಿರು, ಸ್ನಾನ, ಒಣಗಿಸೋ ಬಟ್ಟೆ. ದೊಡ್ಡ ಮನೇಲಿ ಇದು ಹಂಚ್ಕೊಂಡು ಹೋಗುತ್ತೆ, ಇಲ್ಲಿ ಕಿಟಕಿ ಗಾಜಿನ ಮೇಲೆ ಇಳಿಯುತ್ತೆ, ಆಮೇಲೆ ಹಾಸಿಗೆ ಕೆಳಗೆ ಬೂಷ್ಟು. ಒಲೆ ಮೇಲೆ, ಬಚ್ಚಲಲ್ಲಿ ಹೊರಗೆ ಗಾಳಿ ತಳ್ಳೋ ಫ್ಯಾನ್ ಹಾಕಿ, ಎದುರುಬದುರು ಕಿಟಕಿ ಇರಲಿ, ಒಂದು ತಗ್ಗಲ್ಲಿ ಒಂದು ಎತ್ತರದಲ್ಲಿ. ಹಾಸಿಗೆ ಕೆಳಗೆ ಪೂರ್ತಿ ಪ್ಲೈವುಡ್ ಬೇಡ, ಸಂದಿ ಬಿಟ್ಟ ಪಟ್ಟಿ ಹಾಕಿ.

ಗ್ಯಾಸು, ಬೆಂಕಿ

ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ಕೂರುತ್ತೆ. ಸಿಲಿಂಡರ್ ಹೊರಗೆ, ಒಳಗೆ ಗೋಡೆಯ ಬುಡದಲ್ಲೇ ಒಂದು ಜಾಲರಿ ತೂತು. ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಬೇಕು, ಸೌದೆ ಒಲೆ ಇಲ್ಲಾ ಗ್ಯಾಸ್ ಗೀಸರ್ ಇರೋ ಮನೇಲಂತೂ ಎರಡನೇದನ್ನ ಬಿಡೋ ಹಾಗೇ ಇಲ್ಲ. ಗ್ಯಾಸ್ ಗೀಸರ್ ಬಚ್ಚಲೊಳಗೆ ಬೇಡ, ಹೊರಗೋಡೆ ಮೇಲಿರಲಿ. ಬಾಗಿಲು ಒಂದೇ ಇದ್ದು ಅದು ಒಲೆ ಪಕ್ಕದಲ್ಲೇ ಇದ್ರೆ ಪ್ಲಾನ್ ಬದಲಿಸಿ. ಮಲಗೋ ಜಾಗದಿಂದ ತಪ್ಪಿಸ್ಕೊಳ್ಳೋ ಕಿಟಕಿ ಕಮ್ಮಿ ಅಂದ್ರೂ 20 ಇಂಚು ಅಗಲ, 24 ಇಂಚು ಎತ್ತರ, ಒಟ್ಟು 5.7 ಚದರಡಿ ತೆರೀಬೇಕು ಅಂತ ಆ ಅಮೆರಿಕಾ ಕೋಡ್ ಹೇಳುತ್ತೆ, ಲೆಕ್ಕ ಹಾಕಿ ನೋಡಿ, ಎರಡೂ ಕನಿಷ್ಠ ಇಟ್ರೆ 5.7 ಬರಲ್ಲ, ಯಾವುದಾದ್ರೂ ಒಂದು ದೊಡ್ಡದಾಗಬೇಕು. ಸರಳು ಹಾಕೋರು ಒಳಗಿಂದ ತೆಗೆಯೋ ಸರಳೇ ಹಾಕಿ. ಮನೆ ಸುತ್ತ ಹತ್ತು ಮೀಟರ್ ಒಣಹುಲ್ಲು ಪೊದೆ ಇಲ್ಲದ ಹಾಗೆ ನೋಡ್ಕೊಳ್ಳಿ.

ಹೋಗಿ ಇದ್ದ ಮೇಲೆ

ಸಾಮಾನು ಕಮ್ಮಿ ಮಾಡೋದು ಬಿಟ್ಟು ಬೇರೆ ಉಪಾಯ ಇಲ್ಲ, ಆದ್ರೆ ಪಟ್ಟಣದ ಮನೆ ಖಾಲಿ ಮಾಡಿ ಎಲ್ಲಾ ಮಾರಿಬಿಟ್ಟು ಹೋಗೋದೂ ದುಡುಕು. ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿದ್ದು ನೋಡೋವರೆಗೂ ಬಾಕಿ ಸಾಮಾನು ಎಲ್ಲಾದ್ರೂ ಇಟ್ಟಿರಿ, ಆಮೇಲೆ ಯಾವುದು ಬೇಡ ಅಂತ ನಿಮಗೇ ತಿಳಿಯುತ್ತೆ. ಚಿಕ್ಕ ಮನೇಲಿ ಗಲೀಜು ಬೇಗ ಆಗುತ್ತೆ, ಬೇಗ ಕ್ಲೀನೂ ಆಗುತ್ತೆ, ಆದ್ರೆ ನಾಳೆ ಮಾಡೋಣ ಅಂತ ಬಿಟ್ರೆ ನಾಳೆ ಕಾಲಿಡೋಕೆ ಜಾಗ ಇರಲ್ಲ.

ಜೊತೇಲಿರೋರ ಬಗ್ಗೆ ಯೋಚನೆ ಮಾಡಿ. ಒಬ್ಬರು ಫೋನಲ್ಲಿ ಮಾತಾಡಿದ್ರೆ ಇನ್ನೊಬ್ಬರಿಗೆ ಪ್ರತಿ ಅಕ್ಷರ ಕೇಳುತ್ತೆ, ಜಗಳ ಆದ್ರೆ ಮುಖ ತಿರುಗಿಸ್ಕೊಂಡು ಹೋಗೋಕೆ ಇನ್ನೊಂದು ರೂಮಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ನೆರಳು, ಒಂದು ಬೆಂಚು, ಕೆಲಸ ಮಾಡೋರಿಗೆ ಶೆಡ್ಡಲ್ಲಿ ಒಂದು ಟೇಬಲ್ ಇಟ್ರೆ ಸಂಸಾರ ಉಳಿಯುತ್ತೆ, ತಮಾಷೆಗೆ ಹೇಳ್ತಿಲ್ಲ. ಅಕ್ಕಪಕ್ಕದ ಜಮೀನಿನವರ ಪರಿಚಯ ಕಟ್ಟೋ ಮುಂಚೆನೇ ಮಾಡ್ಕೊಳ್ಳಿ, ಹಾವು ಬಂದಾಗ, ಗಾಡಿ ಹೂತಾಗ, ನೀವು ಊರಲ್ಲಿಲ್ಲದಾಗ ಬರೋರು ಅವರೇ.

ವರ್ಷಕ್ಕೊಮ್ಮೆ, ಮಳೆ ಶುರುವಾಗೋ ಮುಂಚೆ, ಚಾವಣಿ ಸ್ಕ್ರೂಗಳ ರಬ್ಬರ್ ವಾಷರ್, ದೋಣಿ ಪೈಪಿನ ಎಲೆ ಕಸ, ಕಂಬಗಳ ಮೇಲೆ ಗೆದ್ದಲ ಮಣ್ಣು, ಬ್ಯಾಟರಿ ಟರ್ಮಿನಲ್ ಇಷ್ಟು ನೋಡಿದ್ರೆ ದೊಡ್ಡ ರಿಪೇರಿ ತಪ್ಪುತ್ತೆ. ವಾರಗಟ್ಟಲೆ ಮನೆ ಮುಚ್ಚಿ ಹೋಗೋವಾಗ ಗ್ಯಾಸ್ ಹೊರಗಿನ ವಾಲ್ವಲ್ಲೇ ಬಂದ್ ಮಾಡಿ, ಪಂಪ್ ಸ್ವಿಚ್ ಆಫ್ ಮಾಡಿ, ಫ್ರಿಜ್ ಖಾಲಿ ಮಾಡಿ ಬಾಗಿಲು ಸ್ವಲ್ಪ ತೆರೆದಿಡಿ. ಗಾಳಿ ಕಿಂಡಿ ಮುಚ್ಚಬೇಡಿ, ಮುಚ್ಚಿದ ಮನೇಲಿ ಬೂಷ್ಟು ಬೆಳೆಯುತ್ತೆ, ಆದ್ರೆ ಅದಕ್ಕೆ ಕಾಲಿಂಚಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿರಬೇಕು, ಅದಕ್ಕಿಂತ ದೊಡ್ಡ ಸಂದಿ ಇದ್ರೆ ಇಲಿಮರಿ ನುಸುಳುತ್ತೆ. ಪೈಪು ವೈರು ಒಳಗೆ ಬರೋ ತೂತುಗಳ ಸುತ್ತ ಬರೀ ಫೋಮ್ ತುಂಬಿದ್ರೆ ಇಲಿ ಅದನ್ನೂ ಕಡಿದು ಬರುತ್ತೆ, ಮೊದಲು ಸ್ಟೀಲ್ ವುಲ್ ತುರುಕಿ ಅದರ ಮೇಲೆ ಫೋಮ್ ಹೊಡೀರಿ.